ಮೂಗಿಗೆ ಹಿಡಿದ ದಾರ

ಆ ದಿನ ಸ್ಟುಡಿಯೋದ ಬೀಗ ತೆಗೆಯುವ ಮೊದಲೇ ನಾನು ಹೆದರಿದ್ದೆ. ಅದನ್ನು ನೇರವಾಗಿ ಹೇಳಿಬಿಡುವುದೇ ವಾಸಿ. ಮೂವತ್ತು ವರ್ಷದಿಂದ ಇನ್ನೊಬ್ಬರಿಗೆ "ಹೆದರಬೇಡಿ, ಮುಖ ಸಡಿಲ ಬಿಡಿ" ಎಂದು ಹೇಳುತ್ತಲೇ ಹೊಟ್ಟೆ ಹೊರೆದವಳಿಗೆ ತನ್ನ ಭಯ ಬಚ್ಚಿಡುವ ಚಟ ಸುಲಭವಾಗಿ ಅಂಟುತ್ತದೆ. ಒಳಗೆ ಹೋದವಳೇ ಎಡಗಣ್ಣು ಮುಚ್ಚಿ ಗೋಡೆಯ ಗಡಿಯಾರ ನೋಡಿದೆ. ಸುತ್ತಲಿನ ಅಂಕಿಗಳೆಲ್ಲ ಇದ್ದವು. ನಡುವೆ, ಮುಳ್ಳುಗಳಿರಬೇಕಾದ ಕಡೆ, ಒದ್ದೆ ಬೆರಳಲ್ಲಿ ಒರೆಸಿದಂಥ ಬೂದು ಕಲೆ. ಆಮೇಲೆ ಬಲಗಣ್ಣು ಮುಚ್ಚಿ ನೋಡಿದೆ. ಮುಳ್ಳುಗಳು ಕಂಡವು, ಆದರೆ ನಿಮಿಷದ ಮುಳ್ಳು ಸೊಂಟ ಮುರಿದುಕೊಂಡಿತ್ತು. ಎರಡು ವಾರದ ಹಿಂದೆ ಅದು ನೆಟ್ಟಗಿತ್ತು.

ಕಣ್ಣಿನ ಡಾಕ್ಟರು ಮೂರು ವಾರದ ಹಿಂದೆಯೇ ಹೇಳಿದ್ದರು. ಬಲಗಣ್ಣಿನ ನಡುಭಾಗ ಹೋಗಿದೆ, ಎಡಗಣ್ಣಿಗೆ ಈಗಲೇ ಇಂಜೆಕ್ಷನ್ ಶುರು ಮಾಡಿದರೆ ಉಳಿಯಬಹುದು, ತಡ ಮಾಡಬೇಡಿ. "ಕಣ್ಣಿಗೇ ಚುಚ್ತೀರಾ?" ಎಂದು ಕೇಳಿದ್ದೆ. "ಹೌದು. ಒಬ್ರೇ ಬರಬೇಡಿ, ಮನೆಯವರನ್ನ ಕರ್ಕೊಂಡು ಬನ್ನಿ" ಎಂದು ಚೀಟಿ ಬರೆದುಕೊಟ್ಟರು. ನನಗೆ ಮನೆಯವರು ಅಂತ ಇರುವುದು ಅಕ್ಕ ಒಬ್ಬಳೇ. ಅಪ್ಪ ಬಿಟ್ಟುಹೋದ ಈ ಸ್ಟುಡಿಯೋವನ್ನು ನಡೆಸುವವರೂ ನಾವಿಬ್ಬರೇ. ಗಿರಾಕಿಗಳ ತಲೆ ಬಾಚುವುದು, ಕುರ್ಚಿ ಸರಿಸುವುದು, ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದು ಅವಳ ಪಾಲು. ಕ್ಯಾಮರಾ ನನ್ನದು. ಅವಳಿಗೆ ಹೇಳಿದರೆ ಆ ಕ್ಯಾಮರಾ ನನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಡಾಕ್ಟರ ಚೀಟಿಯನ್ನು ಮಡಿಸಿ, ಅಪ್ಪನ ಹಳೇ ಲೆನ್ಸಿನ ಡಬ್ಬಿಯೊಳಗೆ ತುರುಕಿಟ್ಟೆ. ಆ ಡಬ್ಬಿಯನ್ನು ಯಾರೂ ಮುಟ್ಟಿ ಹತ್ತು ವರ್ಷವಾಗಿತ್ತು.

ಅಕ್ಕನಿಗೆ ಅನುಮಾನ ಬಂದಿರಲಿಲ್ಲ ಎಂದಲ್ಲ. ಹಿಂದಿನ ವಾರ ಒಬ್ಬ ಹುಡುಗಿಯ ಅರ್ಜಿ ಫೋಟೋ ತೆಗೆದಿದ್ದೆ. "ಇದೇನೇ, ಕಿವಿ ಕನ್ನಡಿ ಥರ ಇದೆ, ಮೂಗು ಮಸುಕು?" ಎಂದಳು. ಲೆನ್ಸ್ ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ಅವಳು ಸುಮ್ಮನಿರುವ ಜಾತಿಯೇ? ಮರುದಿನವೇ ರಿಪೇರಿಯವನಿಗೆ ಕೊಟ್ಟು, ಎರಡು ದಿನ ಬಿಟ್ಟು ತಂದು, "ಲೆನ್ಸು ಗುಂಡುಕಲ್ಲಿನಂಗೆ ಇದೆಯಂತೆ" ಎಂದು ನನ್ನ ಮುಂದೆ ಕುಕ್ಕಿದಳು. ನಾನು ನೆಲ ನೋಡಿದೆ. ನೆಲದ ಟೈಲ್ಸಿನ ಗೆರೆಗಳೂ ಸೊಟ್ಟಗಿದ್ದವು.

ಅಂದು ಹನ್ನೊಂದಕ್ಕೆ ಬರಬೇಕಿದ್ದದ್ದು ಒಂಬತ್ತು ಜನರ ಕುಟುಂಬ. ಗೊತ್ತುಮಾಡಿದವರು ಮನೆಯ ದೊಡ್ಡ ಮಗಳು. ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದ್ದರು. ಅವರ ಅಮ್ಮನಿಗೆ ಮರೆವಿನ ಕಾಯಿಲೆ. ಮುಖಗಳು ಒಂದೊಂದಾಗಿ ಅಳಿಸಿಹೋಗುತ್ತಿವೆ. ಎಲ್ಲರೂ ಇರುವ ಒಂದು ದೊಡ್ಡ ಫೋಟೋ ಮಾಡಿಸಿ, ಪ್ರತಿ ಮುಖದ ಕೆಳಗೂ ಯಾರು ಏನಾಗಬೇಕು ಅಂತ ಬರೆಸಿ, ಅಮ್ಮನ ಮಂಚದ ಎದುರು ತೂಗುಹಾಕಬೇಕು. "ದಿನಾ ಬೆಳಿಗ್ಗೆ ಎದ್ದು ನೋಡಿದ್ರೆ ಇನ್ನೊಂದಿಷ್ಟು ದಿನ ನೆನಪಿರ್ಬೋದು ಅಂತ. ಮುಖ ಮಾತ್ರ ಚೆನ್ನಾಗಿ ಕಾಣ್ಬೇಕು ಮೇಡಂ. ತಮ್ಮ ಹಡಗಿನ ಕೆಲಸದಲ್ಲಿದ್ದಾನೆ, ಫೋಟೋ ತೆಗೆಸಿದ ಮರುದಿನವೇ ಹೊರಡ್ತಾನೆ, ಮತ್ತೆ ಬರೋದು ಒಂಬತ್ತು ತಿಂಗಳಿಗೆ. ಅಷ್ಟೊತ್ತಿಗೆ ಅಮ್ಮ..." ಎಂದು ನಿಲ್ಲಿಸಿ, ಆಮೇಲೆ, "ಒಂದೊಂದು ದಿನ ನನ್ನನ್ನೇ ನರ್ಸ್ ಅಂದ್ಕೋತಾರೆ. ಸ್ನಾನ ಮಾಡ್ಸೋಳು ನಾನೇ, ನನಗೇ ಥ್ಯಾಂಕ್ಸ್ ಹೇಳ್ತಾರೆ" ಎಂದರು. ಇನ್ನೊಂದು ಮಾತು: ಫ್ಲ್ಯಾಶ್ ಹಾಕುವಂತಿಲ್ಲ. ಬೆಳಕು ಫಕ್ಕನೆ ಮಿಂಚಿದರೆ ಅಮ್ಮ ಬೆದರುತ್ತಾರೆ, ಆಮೇಲೆ ಇಡೀ ದಿನ ಸರಿಹೋಗುವುದಿಲ್ಲ.

ನನ್ನಂಥವಳಿಗೆ ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಫ್ಲ್ಯಾಶ್ ಇಲ್ಲದೆ ಬರೀ ಕಿಟಕಿಯ ಬೆಳಕಿನಲ್ಲಿ ತೆಗೆಯುವುದೆಂದರೆ ಲೆನ್ಸನ್ನು ಪೂರ್ತಿ ತೆರೆಯಬೇಕು. ಪೂರ್ತಿ ತೆರೆದರೆ ಒಂದು ಸಾಲಿನ ಮುಖಗಳು ಸ್ಪಷ್ಟ, ಅದರ ಹಿಂದೆ ಮುಂದೆ ಎಲ್ಲ ಮಸುಕು. ಎಲ್ಲಿ ಫೋಕಸ್ ಮಾಡುತ್ತೇವೆ ಅನ್ನುವುದೇ ಎಲ್ಲ. ಆಗುವುದಿಲ್ಲ ಎಂದು ಹೇಳಬಹುದಿತ್ತು. ಬಾಯಿ ತೆರೆದದ್ದು ಬೇರೆಯದಕ್ಕೆ. "ಬನ್ನಿ. ಒಬ್ಬೊಬ್ರೂ ಒಂದೊಂದು ಬಣ್ಣದ ಬಟ್ಟೆ ಹಾಕ್ಕೊಂಡು ಬನ್ನಿ" ಎಂದೆ.

ಅಕ್ಕ ಪಕ್ಕದಲ್ಲೇ ಇದ್ದಳು. "ಒಂದೇ ತರದ ಬಣ್ಣ ಹಾಕ್ಕೊಂಡು ಬನ್ನಿ, ಒಂದೇ ತರದ ಬಣ್ಣ ಅಂತ ಜನರ ಪ್ರಾಣ ತಿಂತಿದ್ದೋಳು ನೀನೇ ಅಲ್ವೇನೇ?"

"ಕಾಲ ಬದಲಾಗಿದೆ" ಎಂದೆ. ಮುಖ ಕಾಣದವಳು ಬಟ್ಟೆಯ ಬಣ್ಣದಿಂದಲೇ ಜನರನ್ನು ಗುರುತು ಹಿಡಿಯಬೇಕು ಎಂದು ಹೇಗೆ ಹೇಳಲಿ?

ಹನ್ನೊಂದಕ್ಕೆ ಸರಿಯಾಗಿ ಬಂದರು. ದೊಡ್ಡ ಮಗಳದು ಕೆಂಪು ಶಾಲು. ಚಿಕ್ಕ ಮಗಳದು ಹಳದಿ ಶಾಲು, ಅವಳ ಕಂಕುಳಲ್ಲಿ ಒಂದೂವರೆ ವರ್ಷದ ಗುಂಡುಮರಿ. ಅವಳ ಗಂಡ ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ಬಿಳಿ ಅಂಗಿ. ಹಡಗಿನವನು ಹಸಿರು, ಅವನ ಹೆಂಡತಿ ನೇರಳೆ, ಅವರ ಮಗ ಕಿತ್ತಳೆ, ದೊಡ್ಡಳಿಯ ಕಂದು. ಪಾಠ ಒಪ್ಪಿಸುವಂತೆ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ. ನಡುವೆ ನೀಲಿ ಕೋಟಿನ ಅಜ್ಜಿ, ದೊಡ್ಡ ಮಗಳ ತೋಳು ಹಿಡಿದು, ಯಾರದೋ ಮನೆಗೆ ಬಂದವರ ಹಾಗೆ ನಗುತ್ತ ನಿಂತಿದ್ದರು.

ಆ ನಗು ಕೇಳಿದ ಕೂಡಲೇ ನನಗೇನೋ ಚುರ್ ಎಂದಿತು. ಅದು ಗುರುತು ಸಿಕ್ಕವರ ನಗುವಲ್ಲ. ಅಜ್ಜಿ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಎಲ್ಲರಿಗೂ "ಬಂದ್ಯಾ ಮಗು", "ಕೂತ್ಕೋ ಮಗು", ನನಗೂ "ಚೆನ್ನಾಗಿದ್ಯಾ ಮಗು, ಎಷ್ಟು ದಿನ ಆಯ್ತು ನೋಡಿ!" ಎದುರಿನವರು ಮೊದಲು ಮಾತಾಡಲಿ ಎಂದು ಕಾದು, ಅವರ ಮಾತಿನ ತುದಿ ಹಿಡಿದು ದಾರಿ ಹುಡುಕುವ ಜಾಣತನ. ನಾನೂ ಮೂರು ವಾರದಿಂದ ಅದನ್ನೇ ಮಾಡುತ್ತಿದ್ದೆ. ಬಾಗಿಲಲ್ಲಿ ನಿಂತವರು ಕೆಮ್ಮುವ ತನಕ ಸುಮ್ಮನಿದ್ದು, ಆಮೇಲೆ "ಓ, ನೀವಾ!" ಅನ್ನುವುದು.

ಕಿಟಕಿಯ ಪರದೆ ಪೂರ್ತಿ ಸರಿಸಿದೆ. ಎದುರುಗಡೆ ಬಿಳಿ ಹಲಗೆ ನಿಲ್ಲಿಸಿ ಬೆಳಕನ್ನು ನೆರಳಿನ ಕಡೆಗೆ ತಿರುಗಿಸಿದೆ. ಅಜ್ಜಿಗೆ ಕೈಯಿರುವ ಕುರ್ಚಿ, ಅಕ್ಕಪಕ್ಕ ಗಿಡ್ಡ ಸ್ಟೂಲುಗಳಲ್ಲಿ ಹೆಣ್ಣುಮಕ್ಕಳು, ಹಿಂದೆ ಮಿಕ್ಕವರು. ಎತ್ತರದ ಅಳಿಯನಿಗೆ, "ನೀವು ಕಾಲು ಸ್ವಲ್ಪ ಅಗಲಿಸಿ ನಿಲ್ಲಿ, ಇಲ್ಲಾಂದ್ರೆ ನಿಮ್ಮ ತಲೆಗೆ ಬೇರೆ ಫೋಟೋ ತೆಗೀಬೇಕು" ಎಂದೆ. ಎಲ್ಲರೂ ನಕ್ಕರು. ನಗಿಸುವುದು ನಮ್ಮ ಕೆಲಸದ ಅರ್ಧ ಪಾಲು.

ನಾನು ಟ್ರೈಪಾಡಿನ ತಿರುಪು ಬಿಗಿ ಮಾಡುತ್ತಿದ್ದಾಗ ಹಿಂದುಗಡೆ ಅಕ್ಕನ ದನಿ ಕೇಳಿಸಿತು. ಏನೋ ಸರಿಮಾಡುತ್ತಿದ್ದಾಳೆ ಅಂದುಕೊಂಡೆ, ತಿರುಗಿ ನೋಡಲಿಲ್ಲ. ತಪ್ಪಾದದ್ದು ಅಲ್ಲೇ. ಕಿಟಕಿಯ ಕಡೆ ಕೆಂಪು ಬಂದರೆ ಅಜ್ಜಿಯ ಕೆನ್ನೆಗೆ ಕೆಂಪು ಹೊಡೆಯುತ್ತದೆ ಎಂದು ಅಕ್ಕ ಇಬ್ಬರು ಹೆಣ್ಣುಮಕ್ಕಳ ಶಾಲುಗಳನ್ನು ಅದಲುಬದಲು ಮಾಡಿಸಿದ್ದಳು. ಕೆಲಸ ಬಲ್ಲವಳು ಮಾಡುವಂಥದ್ದೇ. ಮಗುವನ್ನು ಅಷ್ಟರಲ್ಲಿ ಅದರ ಅಪ್ಪ ಎತ್ತಿಕೊಂಡಿದ್ದ. ನಾನು ತಿರುಗಿದವಳು ಹಳದಿ ಶಾಲು ನೋಡಿ ದೊಡ್ಡ ದನಿಯಲ್ಲಿ, "ಮೇಡಂ, ನಿಮ್ಮ ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ. ತಾಯಿ ಅಂದ್ಮೇಲೆ ಇಷ್ಟಾದ್ರೂ ಕಷ್ಟ ಬೇಡ್ವಾ?" ಎಂದೆ.

ಹಳದಿ ಶಾಲಿನೊಳಗಿಂದ ಮೆಲ್ಲಗೆ ದೊಡ್ಡ ಮಗಳ ದನಿ ಬಂತು. "ನನಗೆ ಮಕ್ಕಳಿಲ್ಲ ಮೇಡಂ."

ಐದು ನಿಮಿಷದ ಹಿಂದೆ ಅವರ ಜೊತೆ ಮಾತಾಡಿದ್ದೆ, ಅವರ ಕೂದಲು ಹಿಂದೆ ಸರಿಸಿದ್ದೆ. ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ ಎಂದು ನೋಡದೆಯೂ ಗೊತ್ತಾಯಿತು. ಆಗ ಅಜ್ಜಿ ಗಹಗಹಿಸಿ ನಕ್ಕುಬಿಟ್ಟರು. "ಬಿಡು ಮಗು, ನಾನೂ ಹಂಗೇ ಅಂದ್ಕೊಂಡಿದ್ದೆ!" ಎಂದರು. ಎಲ್ಲರೂ ಬಲವಂತಕ್ಕೆ ನಕ್ಕರು. ದೊಡ್ಡ ಮಗಳು ನಗಲಿಲ್ಲ. ಅವರಿಗೆ ನನ್ನ ತಪ್ಪು ನೋಯಿಸಿತೋ, ಅಮ್ಮನ ಮಾತು ನೋಯಿಸಿತೋ, ನನಗೆ ಕಾಣುವಂತಿರಲಿಲ್ಲ.

ಅಜ್ಜಿಯ ಕೋಟಿನ ಕಾಲರ್ ಸರಿಮಾಡುವ ನೆಪದಲ್ಲಿ ಹತ್ತಿರ ಹೋದೆ. ಅವರು ನನ್ನ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆದುಕೊಂಡರು.

"ನೀನು ಮುಖ ನೋಡೋವಾಗ ಕಿವಿ ಕಡೆ ನೋಡ್ತೀಯ" ಎಂದರು ಪಿಸುದನಿಯಲ್ಲಿ. "ನಿನಗೂ ಯಾರೂ ಗೊತ್ತಾಗಲ್ಲ, ಅಲ್ವಾ?"

ಸ್ವಂತ ಅಕ್ಕನಿಗೆ ಮೂರು ವಾರದಿಂದ ಸಿಗದ ಗುಟ್ಟು ಈ ಮರೆವಿನ ಮುದುಕಿಗೆ ಮುಕ್ಕಾಲು ಗಂಟೆಯಲ್ಲಿ ಸಿಕ್ಕಿತ್ತು.

"ಹೇಳ್ಬೇಡ" ಎಂದರು ಅಜ್ಜಿ. "ಬಾಯಿ ಬಿಟ್ಯೋ, ಒಂದೊಂದಾಗಿ ಎಲ್ಲ ಕಿತ್ಕೋತಾರೆ. ನನ್ನ ಕೈಯಿಂದ ಮೊದಲು ಒಲೆ ಕಿತ್ಕೊಂಡ್ರು. ಆಮೇಲೆ ಬೀಗದ ಕೈ. ಆಮೇಲೆ ಒಬ್ಳೇ ಬಾಗಿಲ ತನಕ ಹೋಗೋದನ್ನೂ ಬಿಡಿಸಿದ್ರು. ಎರಡು ವರ್ಷ ಯಾರಿಗೂ ಗೊತ್ತಾಗದಂಗೆ ಇಟ್ಕೊಂಡಿದ್ದೆ, ಗೊತ್ತಾ? ಎರಡು ವರ್ಷ!" ಆ ದನಿಯಲ್ಲಿ ಹೆಮ್ಮೆಯಿತ್ತು. ನನ್ನ ಮಣಿಕಟ್ಟು ಮಾತ್ರ ಬಿಡಲಿಲ್ಲ.

ನಾನು ಕ್ಯಾಮರಾದ ಹಿಂದಕ್ಕೆ ಓಡಿದೆ. ಓಡಿದೆ ಅನ್ನುವುದೇ ಸರಿ. ನಮ್ಮದು ಹಳೇ ಕಾಲದ ಡಿಜಿಟಲ್ ಕ್ಯಾಮರಾ. ಅದು ತಾನೇ ಒಂದು ಮುಖ ಆರಿಸಿ ಅದರ ಮೇಲೊಂದು ಸಣ್ಣ ಹಸಿರು ಚೌಕ ಕೂರಿಸುತ್ತದೆ, ಫೋಕಸ್ ಆ ಮುಖಕ್ಕೇ. ಬೇಕಾದ ಮುಖಕ್ಕೆ ಸರಿಸಲು ಗುಂಡಿಗಳಿವೆ, ಆದರೆ ಚೌಕ ಎಲ್ಲಿ ಕೂತಿದೆ ಎಂದು ಕಂಡರೆ ತಾನೇ ಸರಿಸುವುದು? ಬಲಗಣ್ಣಿಟ್ಟು ನೋಡಿದೆ. ಬಣ್ಣಗಳಿದ್ದವು, ಭುಜಗಳಿದ್ದವು. ನಡುವೆ ಬೂದು. ಎಡಗಣ್ಣಿಟ್ಟೆ. ಕುರ್ಚಿಯ ಕಾಲುಗಳು ಬಾಗಿದ್ದವು, ಮುಖಗಳು ನೀರಿನಡಿ ಇದ್ದ ಹಾಗೆ ಅಲುಗಿದವು. ಚೌಕ ಎಲ್ಲೋ ಮಿಣುಕಿತು. ಎಲ್ಲಿ ಎಂದು ಕಾಣಲಿಲ್ಲ. "ಒಂದು, ಎರಡು" ಎಂದು ಮೂರು ಹೇಳುವ ಮೊದಲೇ ಒತ್ತಿದೆ. ಅದು ನನ್ನ ಅಭ್ಯಾಸ. ಮೂರಕ್ಕೆ ಕಾದರೆ ಜನ ಕಲ್ಲಾಗುತ್ತಾರೆ. ಹದಿನಾಲ್ಕು ಸಲ ಒತ್ತಿದೆ. ಹದಿನಾಲ್ಕು ಸಲವೂ ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದ ಹಾಗಿತ್ತು.

"ಆಯ್ತು" ಎಂದೆ.

ಮಗು ಅಳಲು ಶುರುಮಾಡಿತು. ಎಲ್ಲರೂ ಎದ್ದು ಚಪ್ಪಲಿ ಹುಡುಕಿಕೊಂಡರು. ನಮ್ಮಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆಯಿದೆ. ತೆಗೆದ ಫೋಟೋವನ್ನು ಅಂದೇ ಗಿರಾಕಿಗೆ ತೋರಿಸುವುದಿಲ್ಲ. ತೋರಿಸಿದರೆ ಒಬ್ಬೊಬ್ಬರೂ ತಮ್ಮ ಮೂಗು ನೋಡಿಕೊಳ್ಳುತ್ತಾರೆಯೇ ಹೊರತು ಮನೆಯವರನ್ನು ನೋಡುವುದಿಲ್ಲ ಅನ್ನುತ್ತಿದ್ದರು. ಅಕ್ಕ ಮರುದಿನ ಬೆಳಿಗ್ಗೆ ಕೂತು ಆರಿಸುತ್ತಾಳೆ. ಅಂದರೆ ನಾಳೆ ಬೆಳಿಗ್ಗೆಯ ತನಕ ನಾನು ಸುರಕ್ಷಿತ. ಅಷ್ಟು ಹೊತ್ತಿಗೆ ಹಸಿರು ಅಂಗಿಯವನು ಹಡಗು ಹತ್ತಿರುತ್ತಾನೆ. ಕಾರ್ಡ್ ಕೆಟ್ಟುಹೋಯಿತು ಎನ್ನಬಹುದು. ಕಂಪ್ಯೂಟರ್ ನುಂಗಿತು ಎನ್ನಬಹುದು. ಸುಳ್ಳುಗಳು ಸಾಲುಗಟ್ಟಿ ನಿಂತಿದ್ದವು, ನಾನು ಕರೆಯುವುದೇ ತಡ.

ದೊಡ್ಡ ಮಗಳು ಹತ್ತಿರ ಬಂದರು. ಈಗ ತಮ್ಮ ಕೆಂಪು ಶಾಲು ಮತ್ತೆ ಹೊದ್ದಿದ್ದರು. "ಬೇಜಾರು ಮಾಡ್ಕೋಬೇಡಿ ಮೇಡಂ, ಆಗ ಅಂದಿದ್ದಕ್ಕೆ. ಅಮ್ಮ ಇವತ್ತು ಖುಷಿಯಾಗಿದ್ರು, ನನಗೆ ಅಷ್ಟೇ ಸಾಕು" ಎಂದು ದನಿ ತಗ್ಗಿಸಿದರು. "ನನಗೆ ಕೋಪ ಇರೋದು ಒಂದೇ. ಎರಡು ವರ್ಷ ನಮ್ಮಿಂದ ಮುಚ್ಚಿಟ್ರು. ಮೊದಲೇ ಹೇಳಿದ್ರೆ ಔಷಧಿ ಶುರು ಮಾಡ್ಬೋದಿತ್ತು, ಇಷ್ಟು ಬೇಗ ಹೀಗಾಗ್ತಿರ್ಲಿಲ್ಲ ಅಂದ್ರು ಡಾಕ್ಟರು. ಹೆದರ್ಕೊಂಡು ಒಬ್ರೇ ಕೂತಿದ್ರು. ನಾನು ಪಕ್ಕದ ಕೋಣೇಲೇ ಇದ್ದೆ, ಮೇಡಂ."

ಪಕ್ಕದ ಕೋಣೆಯಲ್ಲಿ ನನ್ನ ಅಕ್ಕ ಬಾಚಣಿಗೆಗಳನ್ನು ಜೋಡಿಸಿಡುತ್ತಿದ್ದ ಸದ್ದು ಕೇಳುತ್ತಿತ್ತು.

ನನಗೆ ಧೈರ್ಯ ಬಂತು ಎಂದೇನಲ್ಲ. ಭಯ ಇನ್ನಷ್ಟು ಹೆಚ್ಚಾಯಿತು, ಆದರೆ ಅದು ಬೇರೆ ಕಡೆಗೆ ತಿರುಗಿಕೊಂಡಿತು. "ಯಾರೂ ಹೋಗ್ಬೇಡಿ" ಎಂದೆ. ದನಿ ಕಿರುಚಿದ ಹಾಗೆ ಬಂತು. "ಅಕ್ಕಾ, ಈಗಲೇ ನೋಡು ಇದನ್ನ."

"ಈಗಲಾ?" ಅಕ್ಕ ಕಾರ್ಡ್ ಇಸಿದುಕೊಂಡು ಹೋದಳು. ಮೌಸ್ ಒತ್ತಿದ ಸದ್ದು ಹದಿನಾಲ್ಕು ಸಲ ಕೇಳಿಸಿತು. ಅವಳು ಬಾಗಿಲಿಗೆ ಬಂದು ನಿಂತಳು.

"ಅಳಿಯಂದ್ರ ಮುಖದ ಮೇಲೆ ಒಂದೊಂದು ಗಡ್ಡದ ಕೂದಲೂ ಎಣಿಸ್ಬೋದು" ಎಂದಳು ಮೆತ್ತಗೆ. "ಮುಂದಿನ ಸಾಲು ಮಸುಕು. ಎಲ್ಲದರಲ್ಲೂ." ಅಂದರೆ ಅಜ್ಜಿ ಮಸುಕು. ಅಜ್ಜಿಯ ಪಕ್ಕದ ದೊಡ್ಡ ಮಗಳೂ ಮಸುಕು.

"ನನಗೆ ಮುಖ ಕಾಣಲ್ಲ" ಎಂದೆ. "ಮೂರು ವಾರ ಆಯ್ತು. ಲೆನ್ಸ್ ಸರಿಯಾಗೇ ಇದೆ. ಕೆಟ್ಟಿರೋದು ನಾನು."

ಎತ್ತರದ ಅಳಿಯ ಒಮ್ಮೆ ಕೆಮ್ಮಿದ. ಅಕ್ಕ ನನ್ನನ್ನು ಬಯ್ಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಎರಡನ್ನೂ ಮಾಡಲಿಲ್ಲ. "ಕಿಟಕಿ ಬೆಳಕು ಇನ್ನೆಷ್ಟು ಹೊತ್ತಿರುತ್ತೆ?" ಎಂದು ಕೇಳಿದಳು.

"ಅರ್ಧ ಗಂಟೆ. ಆಮೇಲೆ ಬಿಸಿಲು ಆಚೆ ಕಡೆಗೆ ತಿರುಗುತ್ತೆ."

"ಚೌಕ ಸರಿಸೋದು ನನಗೆ ಗೊತ್ತಿಲ್ಲ. ನಿನಗೆ ಗೊತ್ತು, ಆದ್ರೆ ಕಾಣಲ್ಲ. ದಾರ ತಗೋ."

ಮೊಳೆಯಲ್ಲಿ ನೇತುಹಾಕಿದ್ದ ಆ ದಾರ ಅಪ್ಪನದು. ಅಡಿಗೊಂದು ಗಂಟು. ಅಪ್ಪನ ಕಾಲದಲ್ಲಿ ಕ್ಯಾಮರಾದಿಂದ ಗಿರಾಕಿಯ ಮೂಗಿನ ತನಕ ಆ ದಾರ ಹಿಡಿದು, ಗಂಟು ಎಣಿಸಿ, ಲೆನ್ಸಿನ ಬಳೆಯನ್ನು ಆ ಅಂಕಿಗೆ ತಿರುಗಿಸುತ್ತಿದ್ದರು. ಕಣ್ಣಿನ ಹಂಗೇ ಇಲ್ಲ. ಚಿಕ್ಕಂದಿನಲ್ಲಿ ಮೂಗಿಗೆ ದಾರ ಹಿಡಿಯುತ್ತಿದ್ದವಳು ಅಕ್ಕ, ಅಪ್ಪನ ಪಕ್ಕ ಕ್ಯಾಮರಾ ಹತ್ತಿರ ನಿಲ್ಲುತ್ತಿದ್ದವಳು ನಾನು. ಅಂಕಿಗಳಿರುವುದು ಅಪ್ಪನ ಹಳೇ ಲೆನ್ಸಿನಲ್ಲಿ. ಅಕ್ಕ ಅದರ ಡಬ್ಬಿ ತೆರೆದಾಗಲೇ ನನಗೆ ಚೀಟಿ ನೆನಪಾದದ್ದು.

ಅವಳು ಚೀಟಿ ಬಿಡಿಸಿ ಓದಿದಳು. ಎಡಗಣ್ಣು, ಈಗಲೇ, ತಡ ಮಾಡಬಾರದು. ಮೇಲೆ ಮೂರು ವಾರದ ಹಿಂದಿನ ತಾರೀಕು. ಅವಳ ಮುಖ ಏನಾಯಿತೋ ನನಗೆ ಕಾಣಲಿಲ್ಲ, ಕಾಣದಿದ್ದದ್ದೇ ಒಳ್ಳೆಯದಾಯಿತು. ಚೀಟಿ ಮಡಿಸಿ ತನ್ನ ಜೇಬಿಗೆ ಹಾಕಿಕೊಂಡಳು. "ನಾಳೆ ಬೆಳಿಗ್ಗೆ ಹೋಗ್ತಿದ್ದೀವಿ" ಎಂದಳು. "ಈಗ ಹೋಗಿ ದಾರ ಹಿಡಿ, ಎಮ್ಮೆ."

ಎಲ್ಲರೂ ಮತ್ತೆ ಕೂತರು, ನಿಂತರು. ಹಿಂದಿನ ಸಾಲನ್ನು ಕುರ್ಚಿಗೆ ಅಂಟುವಷ್ಟು ಮುಂದೆ ತಂದೆ. ಅಕ್ಕ ಅಪ್ಪನ ಲೆನ್ಸನ್ನು ಕ್ಯಾಮರಾಕ್ಕೆ ಹಾಕಿ ಅದರ ಹಿಂದೆ ನಿಂತಳು, ನಾನು ದಾರದ ತುದಿಯನ್ನು ಅಜ್ಜಿಯ ಮೂಗಿಗೆ ಹಿಡಿದು ಮೊಣಕಾಲೂರಿದೆ. ಮೂವತ್ತು ವರ್ಷದಲ್ಲಿ ಆ ಜಾಗದಿಂದ ಕ್ಯಾಮರಾ ನೋಡಿದ್ದು ಅದೇ ಮೊದಲು. ಅದು ಕಾಣಲಿಲ್ಲ. ಅಕ್ಕನ ಎರಡು ಮೊಣಕೈ ಮಾತ್ರ ಕಂಡವು.

"ಹೇಳಿಬಿಟ್ಯಾ?" ಎಂದರು ಅಜ್ಜಿ ಕೋಪದಿಂದ.

"ಹೇಳ್ದೆ."

"ಕಿತ್ಕೊಂಡ್ರಾ?"

"ಕಿತ್ಕೊಂಡ್ರು."

ಅಜ್ಜಿಯ ಉಸಿರು ನನ್ನ ಬೆರಳಿಗೆ ತಾಗುತ್ತಿತ್ತು, ಓಡಿಬಂದವರ ಉಸಿರಿನಂತೆ ಚಿಕ್ಕದಾಗಿ. "ಆಮೇಲೆ?" ಎಂದು ಕೇಳಿದರು. "ಭಯ ಹೋಯ್ತಾ?"

"ಇಲ್ಲ" ಎಂದೆ. "ಇದೆ. ಆದ್ರೆ ಒಬ್ಳೇ ಇಲ್ಲ."

"ಎಂಟೂವರೆ" ಎಂದು ಅಕ್ಕ ಗಂಟು ಎಣಿಸಿ ಕೂಗಿ, ಲೆನ್ಸಿನ ಬಳೆ ತಿರುಗಿಸಿದಳು. ನಾನು ದಾರ ಬಿಟ್ಟು ಪಕ್ಕಕ್ಕೆ ತೆವಳಿದೆ. "ಎಲ್ಲರೂ ಇಲ್ಲಿ ನೋಡಿ. ಒಂದು..." ಎಂದು ಅಕ್ಕ ಎಣಿಸತೊಡಗಿದಳು.

ಅಜ್ಜಿ ಕ್ಯಾಮರಾ ನೋಡಲಿಲ್ಲ. ಎಡಕ್ಕೆ ತಿರುಗಿ, ಕೆಂಪು ಶಾಲಿನವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮಗು," ಎಂದರು, "ದಿನಾ ಸ್ನಾನ ಮಾಡಿಸ್ತೀಯ, ಊಟ ಮಾಡಿಸ್ತೀಯ. ನೀನ್ಯಾರು ಅಂತ ನನಗೆ ಗೊತ್ತಾಗ್ತಿಲ್ಲ. ಕೇಳೋಕೆ ಭಯ ಆಗ್ತಿತ್ತು. ಹೇಳ್ತೀಯಾ?"

ದೊಡ್ಡ ಮಗಳು ಅಮ್ಮನ ಕಡೆಗೆ ಬಾಗಿದರು.

"ನಾನು ನಿನ್ನ ದೊಡ್ಡ ಮಗಳು ಅಮ್ಮಾ."

"ಎರಡು" ಎಂದಳು ಅಕ್ಕ, ಮೂರಕ್ಕೆ ಕಾಯದೆ ಒತ್ತಿದಳು.